ಬೆಳದಿಂಗಳಿಗಾಗಿ ಆರಿಸಿದ ಕಂದೀಲು

ಬೆಳದಿಂಗಳಲ್ಲಿ ಬಣ್ಣ ಕಾಣುವುದಿಲ್ಲ. ಹಾಳು ಗುಡಿಗಳನ್ನು ಹುಣ್ಣಿಮೆಯ ಬೆಳಕಿನಲ್ಲಿ ಎಣ್ಣೆಬಣ್ಣದಿಂದ ಬರೆಯಬೇಕೆಂಬ ಆಸೆ ಹೊತ್ತು ಹುನಗುಂದದ ನನ್ನ ಮನೆಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಪಾಪ, ಮುದುಕನಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಹೀಗಾಗಿದೆ ಅಂದುಕೊಳ್ಳುತ್ತಾರೆ. ಪೊರೆ ತೆಗೆಸಿದ್ದು ಖರೆ, ಮೊಣಕಾಲು ಹಿಡಿದುಕೊಂಡದ್ದೂ ಖರೆ. ಅವೆರಡರಿಂದಲೇ ನಾನು ಕೆಲಸ ಬಿಟ್ಟೆ. ಆದರೆ ಕಣ್ಣು ಗಿಡುಗನ ಹಾಗೆ ಇದ್ದ ಕಾಲದಲ್ಲೂ ನನಗೆ ಬೆಳದಿಂಗಳಲ್ಲಿ ಬಣ್ಣ ಕಂಡಿರಲಿಲ್ಲ. ಕಂಡಂತೆ ಅನ್ನಿಸುತ್ತಿತ್ತು, ಅಷ್ಟೇ. ಆ ಅನ್ನಿಸಿಕೆ ಎಷ್ಟು ಸುಳ್ಳು ಅನ್ನುವುದು ಬೆಳಿಗ್ಗೆ ಗೊತ್ತಾಗುತ್ತಿತ್ತು.

ಇದನ್ನು ನಾನು ಮೊದಲೇ ತಿಳಿದಿರಬೇಕಿತ್ತು. ನಮ್ಮದು ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮನೆತನ. ದಾಳಿಂಬರಿ ಕೆಂಪು, ಗಿಳಿಹಸಿರು, ನವಿಲು ಬಣ್ಣ ಅಂತ ನಾನು ಮಾತು ಕಲಿತದ್ದೇ ಬಣ್ಣದ ಹೆಸರುಗಳಿಂದ, ಅದೂ ಅಜ್ಜಿಯ ಬಾಯಿಂದ. ಹೊತ್ತು ಮುಳುಗಿದ ಮೇಲೆ ಆಕೆ ಯಾರಿಗೂ ನೂಲಿನ ಲಡಿ ಮುಟ್ಟಗೊಡುತ್ತಿರಲಿಲ್ಲ. "ಇನ್ನ ಕೆಂಪು ನಂಬಬ್ಯಾಡೋ ಸಂಗಣ್ಣ, ಕರೀದರ ಹಂತ್ಯಾಕ ಹೋಗಿ ಕುಂದ್ರತೈತಿ ಅದು" ಅನ್ನುತ್ತಿದ್ದಳು. ಮುದುಕಿಯ ಮಾತು ಅಂತ ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ನನ್ನ ಮೊದಲ ಬೆಳದಿಂಗಳ ಚಿತ್ರ ಬಾದಾಮಿಯ ಹೊಂಡದ ದಂಡೆಯ ಗುಡಿಯದು. ಕಪ್ಪು ಬಣ್ಣದ ಟ್ಯೂಬು, ಕಡುಗೆಂಪಿನ ಟ್ಯೂಬು ಅಕ್ಕಪಕ್ಕ ಇಟ್ಟುಕೊಂಡಿದ್ದೆ. ನೆರಳುಗಳನ್ನೆಲ್ಲ ಮನಸ್ಸು ತುಂಬಿ ಬರೆದೆ. ಎಂಥ ಆಳ, ಎಂಥ ಗಂಭೀರ ಕಪ್ಪು ಅಂತ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡು ಲಾಡ್ಜಿಗೆ ಹೋಗಿ ಮಲಗಿದೆ. ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದರೆ ಗುಡಿ ಇಳಕಲ್ಲ ಸೀರೆ ಉಟ್ಟ ಮದುವಣಗಿತ್ತಿಯ ಹಾಗೆ ಕೆಂಪಗೆ ನಿಂತಿತ್ತು. ರಾತ್ರಿಯಿಡೀ ನಾನು ಕಪ್ಪು ಅಂತ ತಿಳಿದು ಬಳಿದದ್ದು ಕೆಂಪು. ಬಾದಾಮಿಯ ಬಂಡೆ ಹಗಲಿಗೆ ಎಷ್ಟೇ ಕೆಂಪಗಿರಲಿ, ಚಂದ್ರನ ಬೆಳಕಿಗೆ ಬಂದರೆ ಅದು ಬೂದಿಗಪ್ಪು. ಬಣ್ಣದ ಟ್ಯೂಬಿಗೂ ಅದೇ ಕಾನೂನು.

ಆವತ್ತಿನಿಂದ ನಾನು ಬಣ್ಣಗಳನ್ನು ಹಗಲಿನಲ್ಲೇ ಕಲಸಿ ಇಟ್ಟುಕೊಳ್ಳತೊಡಗಿದೆ. ಮನೆಯ ಒಗ್ಗರಣೆ ಡಬ್ಬಿಯೊಂದನ್ನು ಹೆಂಡತಿಯ ಹತ್ತಿರ ಬೇಡಿ ಪಡೆದೆ. ಏಳು ಬಟ್ಟಲು, ಏಳು ಬಣ್ಣ. ಸಾಸಿವೆಯ ಜಾಗದಲ್ಲಿ ಕಪ್ಪು, ಜೀರಿಗೆಯ ಜಾಗದಲ್ಲಿ ಬೂದಿ, ಅರಿಸಿನದ ಜಾಗದಲ್ಲಿ ಸುಣ್ಣದ ಬಿಳಿ. ಕರೆಂಟು ಹೋದಾಗಲೂ ಆಕೆಯ ಕೈ ಸಾಸಿವೆ ಬಿಟ್ಟು ಮೆಂತ್ಯಕ್ಕೆ ಹೋಗುತ್ತಿರಲಿಲ್ಲವಲ್ಲ, ಹಾಗೆ ನನ್ನ ಕುಂಚವೂ ಜಾಗ ಕಲಿಯಬೇಕಿತ್ತು. ಕಲಿಯಲು ಎರಡು ವರ್ಷ ಹಿಡಿಯಿತು.

ಎಣ್ಣೆಯ ಕಥೆ ಬೇರೆ. ಎಣ್ಣೆಬಣ್ಣಕ್ಕೆ ಬೆರೆಸುವುದು ಅಗಸಿ ಎಣ್ಣೆ. ಒಮ್ಮೆ ಅದು ತೀರಿತು. ನಮ್ಮ ಸೀಮೆಯಲ್ಲಿ ಕುಸುಬಿಗೇನು ಕೊರತೆ, ಅಡುಗೆಮನೆಗೆ ಹೋಗಿ ಕುಸುಬಿ ಎಣ್ಣೆ ಬಗ್ಗಿಸಿಕೊಂಡೆ. ಐಹೊಳೆಯ ಚಿತ್ರ ಬಹಳ ಚಂದ ಬಂತು. ಆದರೆ ಒಣಗಲಿಲ್ಲ. ತಿಂಗಳು ಕಳೆಯಿತು, ಯುಗಾದಿ ಬಂದು ಹೋಯಿತು, ಮುಟ್ಟಿದರೆ ಇನ್ನೂ ಹಸಿ. ಎರೆಮಣ್ಣಿನ ಧೂಳು, ಸೊಳ್ಳೆ, ಒಂದೆರಡು ಇರುವೆ ಎಲ್ಲ ಬಂದು ಅದರಲ್ಲಿ ಸೇರಿಕೊಂಡವು. ಚಿತ್ರದ ಆಕಾಶದಲ್ಲಿದ್ದ ಚಂದ್ರ ದಿನಕ್ಕಿಷ್ಟು ಅಂತ ಜಾರುತ್ತ ಮೂರು ಬೆರಳು ಕೆಳಗಿಳಿದಿದ್ದ.

"ಚಲೋ ಆತು ಬಿಡು" ಅಂದರು ನಮ್ಮ ಸಾಹುಕಾರರು. "ಚಂದ್ರ ಮುಳುಗೂದನ್ನ ಇಲ್ಲೀತನಾ ಯಾರೂ ಬರದಿದ್ದಿಲ್ಲ. ನಿನ್ನ ಚಿತ್ರ ನಡೀತೈತಿ."

ಈ ಸಾಹುಕಾರರ ಹೆಸರು ಗುರುಲಿಂಗಪ್ಪ. ಬಾಗಲಕೋಟೆಯಲ್ಲಿ ಚೌಕಟ್ಟು ಹಾಕುವ ಅಂಗಡಿ, ಅದರ ಜೊತೆಗೆ ಚಿತ್ರಗಳ ವ್ಯಾಪಾರ. ಲಾಡ್ಜು, ದವಾಖಾನೆ, ಕಲ್ಯಾಣ ಮಂಟಪದವರು ಇಂಥ ಚಿತ್ರ ಬೇಕು ಅಂತ ಅವರಿಗೆ ಹೇಳುತ್ತಿದ್ದರು, ಅವರು ನನಗೆ ಹೇಳುತ್ತಿದ್ದರು. ಹಳೆ ಊರಿನ ಅವರ ಅಂಗಡಿ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ನವನಗರಕ್ಕೆ ಬಂದವರು. ಬರುವಾಗ ಹಳೆ ಅಂಗಡಿಯ ಬಾಗಿಲನ್ನು ಕಿತ್ತು ತಂದು ಹೊಸದಕ್ಕೆ ಕೂಡಿಸಿದ್ದರು. ಅಳತೆಗೆ ಕೂಡದೆ ಅದು ಯಾವಾಗಲೂ ನೆಲಕ್ಕೆ ಉಜ್ಜಿ ಕಿರುಗುಡುತ್ತಿತ್ತು. ಬಡಗಿಯನ್ನು ಕರೆಸಿ ಕೆತ್ತಿಸಿರಿ ಅಂದರೆ, "ಅದು ಹಂಗ ಇರಲಿ" ಅನ್ನುತ್ತಿದ್ದರು. ಒರಟು ಮಾತಿನ, ಮೆತ್ತನೆ ಮನುಷ್ಯ. ಅವರಿಗೂ ನನಗೂ ಇದ್ದ ಜಗಳ ಒಂದೇ. ಅವರಿಗೆ ಪ್ರತಿ ಚಿತ್ರದಲ್ಲೂ ರೊಟ್ಟಿಯಷ್ಟು ದೊಡ್ಡ ಚಂದ್ರ ಬೇಕು. ನನಗೆ ಚಂದ್ರ ಬೇಡ, ಅವನ ಬೆಳಕು ಬಿದ್ದ ಕಲ್ಲು ಸಾಕು.

ಇನ್ನೊಂದು ಮಾತು ಹೊಸಬರಿಗೆ ಹೇಳಬೇಕು. ಚಂದ್ರ ನಿಮ್ಮ ಸಲುವಾಗಿ ನಿಲ್ಲುವುದಿಲ್ಲ. ಇವತ್ತು ಊಟದ ಹೊತ್ತಿಗೆ ಕಂಬದ ನೆರಳು ಎಲ್ಲಿತ್ತೋ, ನಾಳೆ ಅದೇ ಹೊತ್ತಿಗೆ ಅಲ್ಲಿರುವುದಿಲ್ಲ. ಚಂದ್ರ ದಿನದಿನಕ್ಕೆ ತಡವಾಗಿ ಮೂಡುತ್ತಾನೆ. ಚಳಿಗಾಲದ ಬನದ ಹುಣ್ಣಿಮೆಯವನು ನೆತ್ತಿಯ ಮೇಲೆ ಹೋಗುತ್ತಾನೆ, ಬೇಸಿಗೆಯವನು ತೆಂಕಣಕ್ಕೆ ವಾಲಿ ಹೋಗುತ್ತಾನೆ. ಅದಕ್ಕೇ ನಾನು ಒಂದು ಗುಡಿಗೆ ಹುಣ್ಣಿಮೆಯ ಆಸುಪಾಸಿನ ಮೂರು ಸಂಜೆ, ಅದರಲ್ಲೂ ಒಂದೊಂದು ತಾಸು ಮಾತ್ರ ಕೂಡುತ್ತಿದ್ದೆ. ಮುಗಿಯದಿದ್ದರೆ ಮುಂದಿನ ಹುಣ್ಣಿಮೆ, ಅದರ ಮುಂದಿನ ಹುಣ್ಣಿಮೆ. ಆಗಲೂ ಮುಗಿಯದಿದ್ದರೆ ಮುಂದಿನ ವರ್ಷದ ಅದೇ ಹುಣ್ಣಿಮೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ನೆನಪಿನಿಂದ ಒಂದು ಗೆರೆಯನ್ನೂ ಎಳೆಯುವುದಿಲ್ಲ ಅನ್ನುವುದು ನನ್ನ ಹಟ. ಆ ಹಟದ ಬೆನ್ನು ಹತ್ತಿಯೇ ನಾನು ನನ್ನ ಕೆಲಸದ ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದೆ. ಅದು ಕೆಂಪು ಕಪ್ಪಿನದಲ್ಲ, ಎಣ್ಣೆಯದೂ ಅಲ್ಲ.

ಐಹೊಳೆಯ ಸುತ್ತಲಿನ ಊರುಗಳಲ್ಲಿ ಗುಡಿಯ ಒಳಗೆ ಯಾವ ದೇವರಿತ್ತು ಅನ್ನುವುದು ಮರೆತುಹೋಗಿ ಎಷ್ಟೋ ತಲೆಮಾರಾಗಿರುತ್ತದೆ. ಗುಡಿಗೆ ಆತುಕೊಂಡು ಯಾರು ಮನೆ ಕಟ್ಟಿಕೊಂಡಿದ್ದಾರೋ ಅವರ ಹೆಸರೇ ಗುಡಿಗೆ. ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಲ್ಲಿ ಹೀಗೆ ಒಂದು ಗುಡಿ ಇತ್ತು, ಮಾಬೂಬಿಯ ಗುಡಿ. ಶಿಖರ ಬಿದ್ದಿತ್ತು, ಕಂಬಗಳು ನೆಟ್ಟಗಿದ್ದವು. ಪಡುವಣ ಗೋಡೆಗೆ ಆತುಕೊಂಡು ಮಾಬೂಬಿಯ ಮಣ್ಣಿನ ಮನೆ. ಗುಡಿಯ ಗೋಡೆಯೇ ಆಕೆಯ ಅಡುಗೆಮನೆಯ ಗೋಡೆ. ಅದರಲ್ಲಿ ಮೂರ್ತಿ ಇಲ್ಲದ ಒಂದು ಗೂಡಿತ್ತು, ಆ ಗೂಡಿನಲ್ಲಿ ಆಕೆಯ ಕಂದೀಲು. ಗುಡಿಗೆ ಅಂಟಿದ ಮನೆ ಅಂತ ಕರೆಂಟಿನ ಕಾಗದಪತ್ರ ಕೂಡಿಬಂದಿರಲಿಲ್ಲ. ಹಗಲೆಲ್ಲ ಕೂಲಿಗೆ ಹೋಗಿ ಬಂದು, ಸಂಜೆ ಕಂದೀಲು ಹಚ್ಚಿ ರೊಟ್ಟಿ ಬಡಿಯುವ ಮುದುಕಿ. ಮಗ ಬಾಗಲಕೋಟೆಯಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಸೊಸೆ ರಜಿಯಾ, ಮೊಮ್ಮಕ್ಕಳು.

ಬಾದಾಮಿಯ ಒಂದು ಲಾಡ್ಜಿಗೆ ಈ ಗುಡಿಯ ಚಿತ್ರ ಬೇಕಾಗಿತ್ತು. "ಹಾಳು ಗುಡಿ ಬೇಕಂತ. ಹಾಳು ಅಂದ್ರ ಹಾಳು" ಅಂತ ಸಾಹುಕಾರರು ಒತ್ತಿ ಹೇಳಿದ್ದರು. "ವಸ್ತಿ ಕಾಣಬಾರದು. ಒಂದು ನಾಯಿ ಸುದ್ದಾ ಇರಬಾರದು."

ಹೋಳಿ ಹುಣ್ಣಿಮೆಯ ಸಂಜೆ ಸ್ಟ್ಯಾಂಡು ಹಾಕಿ ಕೂತೆ. ತೆಂಕಣ ಗೋಡೆಯ ಮೇಲೆ ಬೆಳಕು ಹಾಲಿನಂತೆ ಇಳಿಯುತ್ತಿತ್ತು. ಆದರೆ ಮಾಬೂಬಿಯ ಬಾಗಿಲಿನಿಂದ ಕಂದೀಲಿನ ಹಳದಿ ಬೆಳಕು ಬಂದು ನೇರ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಹೋಗಿ ಕೇಳಿದೆ.

"ಆಯಿ, ಆ ಕಂದೀಲು ಒಂದೀಟು ಆರಸ್ತೀರೇನ್ರಿ?"

"ಯಾಕೋ ತಮ್ಮಾ, ಬೆಳಕು ಸಾಲವಲ್ದೇನು?"

"ಹೆಚ್ಚಾತ್ರಿ."

"ಅಯ್ಯ! ಬೆಳಕು ಹೆಚ್ಚಾತು ಅನ್ನಾವನ್ನ ಇವತ್ತ ನೋಡಿದ್ನೆವ್ವಾ!" ಅಂತ ಸೊಸೆಯ ಕಡೆ ತಿರುಗಿ ನಕ್ಕಳು. ಆಮೇಲೆ, "ನಾ ಕತ್ತಲಾಗ ರೊಟ್ಟಿ ಬಡೀಲೇನು?" ಅಂದಳು.

"ಮೂರು ದಿವಸ ಅಷ್ಟ, ಆಯಿ."

ಆಕೆ ತವದ ಮೇಲಿನ ರೊಟ್ಟಿ ಮಗುಚಿ ಹಾಕಿದಳು. "ಆರಸ್ತೇನಿ. ಆದ್ರ ಒಂದು ಮಾತು. ನಮ್ಮ ಮನೀನೂ ಬರೀಬೇಕು. ಮಳಿಗಾಲಕ್ಕ ನಾವು ಊರಾಚಿ ಹೊಸ ಮನಿಗೆ ಹೋಗ್ತೇವಿ, ಇದನ್ನ ಸರಕಾರದವರು ಕೆಡವ್ತಾರ. ಹೊಸಾದು ಚಲೋ ಐತಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಮದಿವ್ಯಾಗಿ ಬಂದು ಕಾಲಿಟ್ಟ ಮನಿ ಇದು. ಒಂದು ಫೋಟೋ ಸುದ್ದಾ ಇಲ್ಲ."

"ಬರೀತೇನಿ."

"ಖರೇನ?"

"ಖರೇನ ಆಯಿ."

ಆಕೆ ಎದ್ದು ಕಂದೀಲು ಊದಿದಳು.

ಮೂರು ದಿವಸ ಅಂದದ್ದು ಮೂರು ಹುಣ್ಣಿಮೆ ಆಯಿತು. ಹೋಳಿ, ದವನದ ಹುಣ್ಣಿಮೆ, ಆಗಿ ಹುಣ್ಣಿಮೆ. ನಾನು ಬರುವ ದಿನಗಳಲ್ಲಿ ಮಾಬೂಬಿ ಕೂಲಿಯಿಂದ ಬೇಗ ಬಂದು, ಬೆಳಕಿರುವಾಗಲೇ ರೊಟ್ಟಿ ಮುಗಿಸಿ, ಮನೆಯನ್ನು ಕತ್ತಲು ಮಾಡಿ ಅಂಗಳದಲ್ಲಿ ಕೂಡುತ್ತಿದ್ದಳು. ರಜಿಯಾ ಒಮ್ಮೆ ಹೇಳಿಯೇಬಿಟ್ಟಳು: "ಅಣ್ಣಾರ, ನಿಮ್ಮ ಚಂದ್ರನ ಸಲುವಾಗಿ ನಮ್ಮ ಹುಡುಗೂರು ಐದಕ್ಕ ಉಂಡು ಎಂಟಕ್ಕ ಮತ್ತ ಹಸಿವು ಅಂತಾವು. ನಿಮ್ಮ ಚಂದ್ರ ಏನರೆ ಉಣ್ಣಾಕ ಕೊಡ್ತಾನೇನು ಕೇಳ್ರಿ."

ನಾನು ನಕ್ಕೆ. ಈಗ ನೆನೆದರೆ ನಗು ಬರುವುದಿಲ್ಲ.

ಚಿತ್ರದಲ್ಲಿ ಮಾಬೂಬಿಯ ಮನೆಯನ್ನು ಏನು ಮಾಡಿದೆ? ಸಾಹುಕಾರರಿಗೆ ವಸ್ತಿ ಬೇಡ, ಮುದುಕಿಗೆ ಕೊಟ್ಟ ಮಾತು ಇದೆ. ನಾನು ಬುದ್ಧಿವಂತ. ಚಂದ್ರ ಮೂಡಣದಲ್ಲಿ, ಮನೆ ಪಡುವಣದಲ್ಲಿ, ಒಳಗೆ ಕಂದೀಲೂ ಇಲ್ಲ. ಹಾಗಾಗಿ ಮನೆಯನ್ನು ಪೂರಾ ಕಪ್ಪು ನೆರಳಾಗಿ ಬರೆದೆ. ಮಾಳಿಗೆಯ ಅಂಚು, ಬಾಗಿಲ ಚೌಕಟ್ಟು ಎಲ್ಲ ಅದರೊಳಗಿತ್ತು, ಆದರೆ ನನ್ನ ಹೊರತು ಯಾರಿಗೂ ಕಾಣುವಂತಿರಲಿಲ್ಲ. ಕಣ್ಣಿಗೆ ಕಂಡದ್ದನ್ನೇ ಬರೆದಿದ್ದೇನೆ, ಸುಳ್ಳೇನಿದೆ ಅಂತ ಸಮಾಧಾನ ಮಾಡಿಕೊಂಡೆ. ಸಾಹುಕಾರರು ಚಿತ್ರ ನೋಡಿ, "ಈಗ ಆತು ನೋಡು ಹಾಳು ಗುಡಿ!" ಅಂತ ಖುಷಿಪಟ್ಟರು. ಒಣಗಲಿ ಅಂತ ಅದನ್ನು ಮನೆಗೆ ತಂದಿಟ್ಟುಕೊಂಡೆ.

ಮಳೆಗಾಲ ಬಂತು. ಮಾಬೂಬಿಯವರು ಊರಾಚೆ ಹೋದರು, ಮನೆ ಬಿತ್ತು. ದಸರೆ ಕಳೆದ ಮೇಲೆ ಒಂದು ದಿನ ಮಾಬೂಬಿ, ರಜಿಯಾ ಇಬ್ಬರೂ ಹುನಗುಂದದ ದವಾಖಾನೆಗೆ ಬಂದವರು ನನ್ನ ಮನೆ ಕೇಳಿಕೊಂಡು ಬಂದರು. ನನ್ನ ಹೆಂಡತಿ ಚಹಾಕ್ಕೆ ಇಟ್ಟಳು.

"ತೋರಸೋ ತಮ್ಮಾ, ನನ್ನ ಮನಿ ನೋಡೂಣು" ಅಂದಳು ಮಾಬೂಬಿ.

ಚಿತ್ರ ಕಿಟಕಿಯ ಬೆಳಕಿಗೆ ಇಟ್ಟೆ. ಆಕೆ ಹತ್ತಿರ ಹೋದಳು, ಹಿಂದೆ ಸರಿದಳು, ಮತ್ತೆ ಹತ್ತಿರ ಹೋಗಿ ಬೆರಳು ಮುಟ್ಟಿಸದೆ ಗೋಡೆಯಗುಂಟ ಕೈ ಆಡಿಸಿದಳು. "ಇದು ನಮ್ಮ ಕಂಬ. ಇದು ಆಡು ಕಟ್ಟೂ ಕಲ್ಲು. ಮನಿ ಎಲ್ಲೈತಿ?"

"ಅಲ್ಲೇ ಐತಿ ಆಯಿ. ಆ ನೆರಳಿನ್ಯಾಗ."

"ಎಲ್ಲಿ?"

"ಕತ್ತಲ್ಯಾಗ ಐತ್ರಿ. ಕಂದೀಲು ಇದ್ದಿಲ್ಲಲ್ಲ, ಅದಕ್ಕ."

ಮಾಬೂಬಿ ನನ್ನ ಕಡೆ ತಿರುಗಿದಳು. ಸಿಟ್ಟಿನ ಮಾತಲ್ಲ ಅದು, ಸಿಟ್ಟಿದ್ದರೆ ಚಲೋ ಇತ್ತು. "ತಮ್ಮಾ, ನಾ ಆ ಮನಿಗೆ ಬಂದಾಗಿಂದ ಒಂದು ಸಂಜಿನೂ ಅಲ್ಲಿ ಕತ್ತಲಿ ಇದ್ದಿಲ್ಲ. ಗಂಡ ತೀರಿದ ದಿನಾ ಸುದ್ದಾ ಹಚ್ಚೀನಿ. ನೀ ಅಂದಿ ಅಂತ ಆರಿಸಿದೆ. ನೀ ನಾ ಆರಿಸಿದ್ದನ್ನಷ್ಟ ಬರದಿ."

ಚಹಾ ಆಯಿತು ಅಂತ ಹೆಂಡತಿ ಬಂದಳು. "ಇರಲೆವ್ವಾ, ಬಸ್ಸಿನ ಹೊತ್ತಾತು" ಅಂತ ಮಾಬೂಬಿ ಹೋಗಿಬಿಟ್ಟಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಸಾಹುಕಾರರು ಚಿತ್ರ ಕೇಳಿದಾಗಲೆಲ್ಲ "ಇನ್ನೂ ಹಸಿ ಐತ್ರಿ" ಅನ್ನತೊಡಗಿದೆ. "ಮತ್ತ ಕುಸುಬಿ ಎಣ್ಣಿ ಹಾಕೀಯೇನಲೇ?" ಅಂತ ಅವರು ಗದರಿದರು. ಹೌದು ಅಂತ ಒಪ್ಪಿಕೊಂಡೆ. ಆ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಅಳುಕು ಬೇರೆಯದೇ ಇತ್ತು. ಮನೆ ಬಿದ್ದುಹೋಗಿದೆ, ಕಂದೀಲು ಹಚ್ಚಿದ ಆ ಮನೆಯನ್ನು ನಾನು ಒಮ್ಮೆಯೂ ಕಣ್ಣಿಟ್ಟು ನೋಡಿಲ್ಲ. ನೋಡಬೇಕಾದಾಗ ಆರಿಸಿರಿ ಅಂದವನು ನಾನೇ. ಈಗ ನೆನಪಿನಿಂದ ಬರೆಯೋಣ ಅಂದರೂ ಬರೆಯಲು ನೆನಪೇ ಇಲ್ಲ.

ಮರುವರ್ಷದ ದವನದ ಹುಣ್ಣಿಮೆಗೆ ಮೊದಲು ಮಾಬೂಬಿಯ ಹೊಸ ಮನೆಗೆ ಹೋದೆ. ಆಕೆ ಹೊರಸಿನ ಮೇಲೆ ಕೂತು ಅವರೆ ಸೋಸುತ್ತಿದ್ದಳು. ಕೂಡು ಅನ್ನಲಿಲ್ಲ. ನಾನೇ ಕೂತೆ.

"ಆಯಿ, ತಪ್ಪು ನಂದು. ಮತ್ತ ಬರೀತೇನಿ."

"ಈಗ ಏನು ನೋಡಿ ಬರೀತಿ? ಮನಿ ಎಲ್ಲೈತಿ?"

"ಕಂದೀಲು ಐತ್ರಿಲ್ಲ? ನೀವು ಬಂದು ತೋರಸ್ರಿ. ಬೆಳಕು ಎಲ್ಲೀತನಕ ಬೀಳತಿತ್ತು, ಅಷ್ಟು ತೋರಸ್ರಿ ಸಾಕು."

ಆಕೆ ಬಹಳ ಹೊತ್ತು ಅವರೆ ಸೋಸಿದಳು. ಆಮೇಲೆ ಒಳಗಿದ್ದ ಸೊಸೆಗೆ ಕೂಗಿ ಹೇಳಿದಳು: "ರಜಿಯಾ, ಆ ಕಂದೀಲು ಹುಡುಕ. ಗಾಜು ಒಡೆದೈತೇನ ನೋಡು."

ಹುಣ್ಣಿಮೆಯ ಸಂಜೆ ನಾವು ಗುಡಿಗೆ ಹೋದೆವು. ಗೋಡೆ ಬೋಳಾಗಿತ್ತು, ಗೂಡಿನ ಮೇಲೆ ಕಂದೀಲಿನ ಮಸಿ ಮಾತ್ರ ಉಳಿದಿತ್ತು. ಹೊಸ್ತಿಲ ಕಲ್ಲು ಇದ್ದಲ್ಲೇ ಇತ್ತು. ಮಾಬೂಬಿ ಹೊಸ್ತಿಲ ಎಡಕ್ಕೊಂದು ಬಲಕ್ಕೊಂದು ಓಣಿಯಿಂದ ತಂದ ಹೊರಸುಗಳನ್ನು ನಿಲ್ಲಿಸಿ, ಅವಕ್ಕೆ ಕೌದಿ ಹೊದಿಸಿದಳು. ಅವು ಗೋಡೆ, ನಡುವಿನ ಸಂದು ಬಾಗಿಲು. ಓಣಿಯ ಹೆಣ್ಣುಮಕ್ಕಳು ನೆರೆದು ನಗತೊಡಗಿದರು.

"ಯಾಕ ಮಾಬೂಬಿ, ತಿರುಗಿ ಬಂದ್ಯೇನ ಸಂಸಾರಕ್ಕ?"

"ಹೂಂ ಬಂದೆ! ಬಾ, ನಿನಗೂ ಎರಡು ರೊಟ್ಟಿ ಬಡೀತೇನಿ" ಅಂದಳು ಆಕೆ.

ನಾನು ಸ್ಟ್ಯಾಂಡಿನ ಹತ್ತಿರ ಹೋಗಿ, ಹಳೆ ಚಟ ಬಿಡದೆ, "ಆಯಿ, ಬತ್ತಿ ಸಣ್ಣಗಿರಲಿ" ಅಂತ ಕೂಗಿದೆ. ಆಕೆ ಬತ್ತಿ ಇಳಿಸಿ ಕಂದೀಲು ಗೂಡಿನಲ್ಲಿಟ್ಟು, ಒಲೆ ಇದ್ದ ಜಾಗದಲ್ಲಿ ಕುಕ್ಕರಿಸಿದಳು.

ಹೊಸಬರು ಇದನ್ನು ಕೇಳಬೇಕು. ಕೌದಿಗಳ ಸಂದಿಯಿಂದ ಆ ಹಳದಿ ಬೆಳಕು ಹೊಸ್ತಿಲಿಗೆ ಬಂದು ಬಿದ್ದಾಗ ತೆಂಕಣ ಗೋಡೆ ನೀಲಿಯಾಯಿತು. ಅದುವರೆಗೆ ಬೂದಿಯಾಗಿದ್ದ ಕಲ್ಲು, ಕಂಬ, ಬಿದ್ದ ಶಿಖರದ ತುಂಡುಗಳು ಎಲ್ಲ ತಣ್ಣಗೆ ನೀಲಿ ಆದವು. ಎಷ್ಟು ವರ್ಷ ಎಷ್ಟು ಡಬ್ಬಿ ಕಲಸಿ ನಾನು ಹುಡುಕಿದ್ದೆನೋ ಆ ಬೆಳದಿಂಗಳು ಅಲ್ಲಿತ್ತು. ಒಂದು ಕಂದೀಲು ಪಕ್ಕದಲ್ಲಿ ಇಲ್ಲದೆ ಅದು ಕಾಣುವಂಥದಲ್ಲ. ಹೋದ ಹೋದ ಊರಲ್ಲೆಲ್ಲ ನಾನು ಮಂದಿಯ ದೀಪ ಆರಿಸಿಕೊಂಡು ಬಂದಿದ್ದೆ.

ಅದೇ ಹಳೆ ಚಿತ್ರವನ್ನು ಸ್ಟ್ಯಾಂಡಿಗೆ ಹಾಕಿ ಮೂರು ಸಂಜೆ ಕೂತೆ. ಬಾಗಿಲು, ಹೊಸ್ತಿಲು, ಮಾಳಿಗೆಯ ಅಂಚು ಕಪ್ಪಿನಿಂದ ಹೊರಗೆ ಬಂದವು. ಬೆಳಕು ಅಂಗಳದಲ್ಲಿ ಎಲ್ಲಿಯವರೆಗೆ ಬರುತ್ತಿತ್ತು ಅನ್ನುವುದನ್ನು ಮಾಬೂಬಿ ಕಾಲಬೆರಳಿನಿಂದ ಗೆರೆ ಎಳೆದು ತೋರಿಸಿದಳು.

ಚಿತ್ರ ಬಾಗಲಕೋಟೆಗೆ ಒಯ್ದೆ. ಸಾಹುಕಾರರು ಕನ್ನಡಕ ಏರಿಸಿ ನೋಡಿದರು.

"ಇದೇನೋ ಸಂಗಣ್ಣ? ಹಾಳು ಗುಡಿ ಬರಿ ಅಂದ್ರ ಸಂಸಾರ ಬರಕೊಂಡು ಬಂದೀಯಲ್ಲ!"

"ಆ ಮನಿ ಅಲ್ಲಿ ಇತ್ರಿ. ಈಗ ಬಿದ್ದೈತಿ" ಅಂದೆ.

ಅವರು ಮತ್ತೆ ನೋಡಿದರು. ಯಾರೋ ಗಿರಾಕಿ ಬಾಗಿಲು ತಳ್ಳಿಕೊಂಡು ಬಂದರು, ಬಾಗಿಲು ನೆಲಕ್ಕೆ ಉಜ್ಜಿತು. ಸಾಹುಕಾರರು ಗಿರಾಕಿಯ ಕಡೆ ನೋಡಲೂ ಇಲ್ಲ. "ಲಾಡ್ಜಿನವರಿಗೆ ಆ ಚಂದ್ರ ಜಾರಿದ ಐಹೊಳಿದು ಕೊಡೂಣು, ಅದೀಗ ಒಣಗೈತಿ. ಇದನ್ನ ನಾ ಮಾರಂಗಿಲ್ಲ. ಆ ಮುದುಕಿಗೆ ಕೊಟ್ಟು ಬಾ" ಅಂದು, ತಮ್ಮ ಕೈಯಿಂದಲೇ ತೇಗದ ಚೌಕಟ್ಟು ಹಾಕಿಕೊಟ್ಟರು.

ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮಾಬೂಬಿ ಚಿತ್ರವನ್ನು ಗೋಡೆಗೆ ಆನಿಸಿ ಎದುರಿಗೆ ಕೂತಳು. ರಜಿಯಾ ಅತ್ತೆಯ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು: "ಅತ್ತಿ, ಗುಡಿ ಪಟ ನಮ್ಮ ಮನ್ಯಾಗ ಹಾಕೂದೇನ್ರಿ?"

"ಗುಡಿ ಎಲ್ಲೈತಿ ಇದ್ರಾಗ? ನಮ್ಮ ಅಡಗಿಮನಿ ಗ್ವಾಡಿ ಇದು" ಅಂದಳು ಮಾಬೂಬಿ.

ಆಮೇಲೆ ಮುಂದೆ ಬಗ್ಗಿ ಬಾಗಿಲೊಳಗಿನ ಬೆಳಕನ್ನು ನೋಡಿದಳು. ಹಣೆ ಗಂಟಾಯಿತು.

"ಏನಾತ್ರಿ ಆಯಿ?"

"ಬತ್ತಿ ಸಣ್ಣದಾತೋ ತಮ್ಮಾ. ಇಷ್ಟ ಬೆಳಕಿನ್ಯಾಗ ರೊಟ್ಟಿ ಹ್ಯಾಂಗ ಬಡೀಲಿ?"

ಒಗ್ಗರಣೆ ಡಬ್ಬಿ ಚೀಲದಲ್ಲೇ ಇತ್ತು. ಅಲ್ಲೇ ನೆಲದ ಮೇಲೆ ಕೂತು, ಹಳದಿಗೆ ಒಂದಿಷ್ಟು ಬಿಳಿ ಕಲಸಿ, ಚಿತ್ರದ ಗೂಡಿನಲ್ಲಿ ಬತ್ತಿಯನ್ನು ಒಂದು ಎಳೆ ಏರಿಸಿದೆ. ಸಾಲದು ಅಂತ ಆಕೆ ತಲೆ ಅಲ್ಲಾಡಿಸಿದಳು. ಇನ್ನೊಂದು ಎಳೆ ಏರಿಸಿದೆ.

"ಹಾಂ" ಅಂದಳು ಮಾಬೂಬಿ. "ಈಗ ಹಿಟ್ಟು ಕಾಣತೈತಿ."